ರೆಟಿನಾ ಆಪರೇಷನ್ ಆದ ಮೇಲೆ, ಗೆಳೆಯರ ಜೊತೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಡಿಕೇರಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಚಿಕ್ಕಂದಿನಿಂದಲೂ ದಪ್ಪ ಕನ್ನಡಕ, ಮೈನಸ್ ಒಂಬತ್ತು. ಹೋದ ವರ್ಷ ಜೂನ್‌ನಲ್ಲಿ ಬಲಗಣ್ಣಿನ ರೆಟಿನಾ ಕಳಚಿ ಮಂಗಳೂರಿನಲ್ಲಿ ಆಪರೇಷನ್ ಆಯಿತು. ಏಳು ವಾರ ಅಲ್ಲೇ ಗೆಳತಿಯ ಮನೆಯಲ್ಲಿದ್ದೆ. ಆಮೇಲೆ ಪರಿಚಯದವರಲ್ಲಿ ಯಾರಿಗೆ ಈ ಆಪರೇಷನ್ ಆದರೂ ನನಗೆ ಫೋನ್ ಬರುತ್ತದೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತನ್ನೇ ಕೇಳಿ.

ರೆಟಿನಾ ಕಳಚಿದೆ ಅಂದರೆ ಏನು?

ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡ ತೆಳು ಪರದೆಯೇ ರೆಟಿನಾ. ಅದರಲ್ಲಿ ಒಂದು ಹರಕು ಬಿದ್ದರೆ ಕಣ್ಣೊಳಗಿನ ನೀರು ಹರಕಿನ ಮೂಲಕ ಹಿಂದಕ್ಕೆ ಜಿನುಗುತ್ತದೆ. ಗೋಡೆಗೆ ಅಂಟಿಸಿದ ಕಾಗದದ ಹಿಂದೆ ನೀರು ಹೋದರೆ ಹೇಗೆ ಕಿತ್ತು ಬರುತ್ತದೋ ಹಾಗೆ ಪರದೆ ಮೇಲೇಳುತ್ತದೆ. ನೋವು ಇರುವುದಿಲ್ಲ. ಮೋಸ ಆಗುವುದೇ ಅಲ್ಲಿ.

ನನಗೆ ಮೊದಲು ಕಣ್ಣಿನ ಅಂಚಿನಲ್ಲಿ ಮಿಂಚಿದ ಹಾಗೆ ಬೆಳಕು ಕಾಣಿಸಿತು. ಆಮೇಲೆ ಮಸಿ ಉದುರಿದ ಹಾಗೆ ಕಪ್ಪು ಚುಕ್ಕೆಗಳು ಬಂದವು. ಕನ್ನಡಕದ ಅಂಗಡಿಯೊಂದರಲ್ಲಿ ಕೇಳಿದೆ. ಪವರ್ ಜಾಸ್ತಿ ಆಗಿರಬೇಕು ಎಂದರು. ನಾನೂ ನಂಬಿ ಐದು ದಿನ ಸುಮ್ಮನಿದ್ದೆ. ಆರನೇ ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಮೂಗಿನ ಕಡೆಯಿಂದ ಕಪ್ಪು ತೆರೆ ಎಳೆದ ಹಾಗಾಯಿತು. ಇದನ್ನು ಓದುತ್ತಿರುವ ಯಾರಿಗಾದರೂ ಮಿಂಚು, ಹೊಸ ಚುಕ್ಕೆಗಳು, ತೆರೆ, ಈ ಮೂರರಲ್ಲಿ ಒಂದು ಕಂಡರೂ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ. ಪರದೆಯ ನಡುಭಾಗ ಕಳಚುವ ಮೊದಲೇ ಹೋದರೆ ದೃಷ್ಟಿ ಬಹುಪಾಲು ಉಳಿಯುತ್ತದೆ.

ಪೊರೆ ಆಪರೇಷನ್ ಥರಾನೇ ಅಲ್ವಾ? ಎರಡು ದಿನದಲ್ಲಿ ಸರಿ ಹೋಗುತ್ತದಲ್ಲ?

ಅಲ್ಲ. ನಮ್ಮಲ್ಲಿ ಕಣ್ಣಿನ ಆಪರೇಷನ್ ಅಂದ ಕೂಡಲೇ ಎಲ್ಲರಿಗೂ ಪೊರೆಯೇ ನೆನಪಾಗುತ್ತದೆ. ಅಪ್ಪನ ಕಾಲದವರು ಡಾ. ಎಂ.ಸಿ. ಮೋದಿ ಅವರ ಕ್ಯಾಂಪುಗಳ ಮಾತು ಎತ್ತುತ್ತಾರೆ. ಊರೂರಿಗೆ ಹೋಗಿ ಸಾವಿರಾರು ಬಡವರ ಪೊರೆ ತೆಗೆದ ಪುಣ್ಯಾತ್ಮ ಅವರು. ಆದರೆ ಪೊರೆ ಇರುವುದು ಕಣ್ಣಿನ ಮುಂಭಾಗದ ಮಸೂರದಲ್ಲಿ. ಈಗ ಅದನ್ನು ತೆಗೆದು ಹೊಸ ಲೆನ್ಸ್ ಕೂರಿಸಿ ಅವತ್ತೇ ಮನೆಗೆ ಕಳಿಸುತ್ತಾರೆ. ರೆಟಿನಾ ಇರುವುದು ಹಿಂಭಾಗದಲ್ಲಿ. ಅದು ಗೋಡೆಗೆ ಕೂತು ಗಟ್ಟಿಯಾಗಲು ವಾರಗಳು ಬೇಕು. ಕಾಣಿಸುವುದು ಸುಧಾರಿಸಲು ತಿಂಗಳುಗಳೇ ಬೇಕು.

ನೋಡಲು ಬಂದವರು "ನಮ್ಮ ಅತ್ತೆಗೆ ಮರುದಿನವೇ ಪೇಪರ್ ಓದೋಕೆ ಆಯ್ತು" ಅಂದರೆ ಎದೆ ಧಸಕ್ ಅನ್ನುತ್ತದೆ. ಅದು ಬೇರೆ ಆಪರೇಷನ್ ಎಂದು ನಿಮಗೆ ನೀವೇ ಹೇಳಿಕೊಳ್ಳಿ.

ಕಣ್ಣೊಳಗೆ ಗ್ಯಾಸ್ ತುಂಬಿದ್ದಾರಂತೆ. ಯಾಕೆ?

ಕಣ್ಣೊಳಗಿನ ಜೆಲ್ಲಿಯನ್ನು ತೆಗೆದು, ಹರಕಿನ ಸುತ್ತ ಲೇಸರ್ ಹೊಡೆದು, ಕೊನೆಗೆ ಗ್ಯಾಸ್ ತುಂಬುತ್ತಾರೆ. ಲೇಸರ್ ಹಾಕಿದ ಜಾಗ ಗಟ್ಟಿಯಾಗುವವರೆಗೆ ಆ ಗುಳ್ಳೆ ಪರದೆಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಎಸ್‌ಎಫ್6 ಎಂಬ ಗ್ಯಾಸ್ ಸುಮಾರು ಎರಡು ವಾರದಲ್ಲಿ ಕರಗುತ್ತದೆ. ಸಿ3ಎಫ್8 ಆರರಿಂದ ಎಂಟು ವಾರ ಇರುತ್ತದೆ. ನನಗೆ ಹಾಕಿದ್ದು ಎರಡನೆಯದು. ಕೆಲವರಿಗೆ ಗ್ಯಾಸ್ ಬದಲು ಸಿಲಿಕಾನ್ ಎಣ್ಣೆ ತುಂಬುತ್ತಾರೆ. ಅದು ತಾನಾಗಿ ಕರಗುವುದಿಲ್ಲ, ಕೆಲವು ತಿಂಗಳ ನಂತರ ಇನ್ನೊಂದು ಆಪರೇಷನ್ ಮಾಡಿ ತೆಗೆಯಬೇಕು. ನಿಮಗೆ ಹಾಕಿದ್ದು ಯಾವುದು ಎಂದು ಡಿಸ್ಚಾರ್ಜ್ ಆಗುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಎಷ್ಟೋ ಉತ್ತರಗಳು ಅದರ ಮೇಲೆ ನಿಂತಿವೆ.

ನಿಜವಾಗಿಯೂ ಮುಖ ಕೆಳಗೆ ಹಾಕಿಯೇ ಇರಬೇಕಾ?

ಎಲ್ಲರೂ ಅಲ್ಲ. ಗುಳ್ಳೆ ಯಾವಾಗಲೂ ಮೇಲಕ್ಕೆ ತೇಲುತ್ತದೆ. ಹಾಗಾಗಿ ಹರಕು ಇರುವ ಜಾಗ ಮೇಲೆ ಬರುವ ಹಾಗೆ ತಲೆ ಇಡಬೇಕು. ಕೆಲವರಿಗೆ ಎಡ ಮಗ್ಗುಲು, ಕೆಲವರಿಗೆ ಬಲ ಮಗ್ಗುಲು, ಕೆಲವರಿಗೆ ಸುಮ್ಮನೆ ತಲೆ ನೆಟ್ಟಗೆ ಇಟ್ಟು ಕೂತರೆ ಸಾಕು. ನನಗೆ ಮೊದಲ ಏಳು ದಿನ ಮುಖ ಕೆಳಗೆ, ಗಂಟೆಗೆ ಹತ್ತು ನಿಮಿಷ ಮಾತ್ರ ಬಿಡುವು. ಆಮೇಲೆ ಮಗ್ಗುಲು. ಅಂಗಾತ ಮಲಗುವುದು ಮಾತ್ರ ಗ್ಯಾಸ್ ಇರುವಷ್ಟು ದಿನವೂ ಬೇಡ ಎಂದಿದ್ದರು. ಅಂಗಾತ ಮಲಗಿದರೆ ಗುಳ್ಳೆ ಮುಂದೆ ಬಂದು ಮಸೂರಕ್ಕೆ ತಾಗುತ್ತದೆ, ಕಣ್ಣಿನ ಒತ್ತಡವೂ ಏರಬಹುದು.

ಗೆಳತಿ ಮಾಡಿದ ವ್ಯವಸ್ಥೆ ಹೇಳುತ್ತೇನೆ, ನಿಮಗೂ ಆದೀತು. ಕೂರಲು ಒಂದು ಕುರ್ಚಿ, ಎದುರಿಗೆ ಊಟದ ಮೇಜು. ಮೇಜಿನ ಅಂಚಿನಲ್ಲಿ ಎರಡು ದಪ್ಪ ಟವೆಲ್ ಸುರುಳಿ, ನಡುವೆ ಮೂಗು ಬಾಯಿಗೆ ಜಾಗ. ಹಣೆ ಸುರುಳಿಯ ಮೇಲೆ, ಆಪರೇಷನ್ ಆದ ಕಣ್ಣಿಗೆ ಏನೂ ತಾಗಬಾರದು. ಮಲಗಲು ನೆಲದ ಮೇಲೆ ಹಾಸಿಗೆ, ಎದೆಯ ಕೆಳಗೆ ಒಂದು ದಿಂಬು, ಕಣಕಾಲಿನ ಕೆಳಗೆ ಇನ್ನೊಂದು. ಎದೆಯ ಕೆಳಗಿನ ದಿಂಬು ಇಲ್ಲದಿದ್ದರೆ ಎರಡನೇ ದಿನಕ್ಕೇ ಕತ್ತು ಹಿಡಿದುಕೊಳ್ಳುತ್ತದೆ. ಕುಡಿಯಲು ಸ್ಟ್ರಾ. ಮೊಣಕೈ ಮರಗಟ್ಟದ ಹಾಗೆ ಕೈ ಜಾಗ ಬದಲಿಸುತ್ತಿರಿ, ಪಾದ ಆಡಿಸುತ್ತಿರಿ, ಬಿಡುವಿನ ಹತ್ತು ನಿಮಿಷದಲ್ಲಿ ತಲೆ ಬಗ್ಗಿಸಿಕೊಂಡೇ ನಾಲ್ಕು ಹೆಜ್ಜೆ ನಡೆಯಿರಿ.

ರಾತ್ರಿ ನಿದ್ದೆಗಣ್ಣಿನಲ್ಲಿ ಅಂಗಾತ ಆಗಿಬಿಟ್ಟರೆ ಎಂಬ ಹೆದರಿಕೆ ನನಗಿತ್ತು. ಗೆಳತಿ ನೈಟಿಯ ಬೆನ್ನಿಗೆ ಒಂದು ಚೀಲ ಹೊಲಿದು ಅದರೊಳಗೆ ಟೆನಿಸ್ ಚೆಂಡು ಹಾಕಿದಳು. ತಿರುಗಿದರೆ ಚುಚ್ಚಿ ಎಚ್ಚರ ಆಗುತ್ತದೆ. ಆ ಮೇಲೆ ನೆಮ್ಮದಿಯಾಗಿ ಮಲಗಿದೆ.

ಇಡೀ ದಿನ ನೆಲ ನೋಡಿಕೊಂಡು ಹೊತ್ತು ಕಳೆಯುವುದು ಹೇಗೆ?

ನಿಜ ಹೇಳಬೇಕೆಂದರೆ ನೋವಿಗಿಂತ ಇದೇ ಕಷ್ಟ. ಮೂರನೇ ದಿನ ನಾನು ಅತ್ತೆ. ಎದ್ದು ಕೂತುಬಿಡುತ್ತೇನೆ, ಏನಾದರೂ ಆಗಲಿ ಎಂದೆ. ಗೆಳತಿ ಬೈಯಲಿಲ್ಲ. "ಇವತ್ತು ಸಂಜೆ ಆರರ ತನಕ ಮಾತ್ರ ಮಾರಾಯ್ತಿ. ನಾಳೇದು ನಾಳೆ ನೋಡುವ" ಎಂದಳು. ಮರುದಿನವೂ ಅದನ್ನೇ ಹೇಳಿದಳು. ಏಳು ದಿನ ಹಾಗೇ ದಾಟಿತು.

ನಮ್ಮದು ಕಾಲೇಜು ಹಾಸ್ಟೆಲಿನ ಗುಂಪು, ನಾಲ್ಕು ಜನ. ಒಬ್ಬಳು ಧಾರವಾಡದಲ್ಲಿ, ಒಬ್ಬಳು ದುಬೈನಲ್ಲಿ. ಧಾರವಾಡದವಳು ದಿನಾ ನಾಲ್ಕು ಗಂಟೆಗೆ ಫೋನ್ ಮಾಡಿ ಪೇಪರ್ ಓದುತ್ತಿದ್ದಳು. ಹೆಡ್‌ಲೈನ್ ಅಲ್ಲ, ನಿಧನ ವಾರ್ತೆಯಿಂದ ಕ್ರಿಕೆಟ್ ಸ್ಕೋರ್ ತನಕ. ಒಂದು ದಿನ ಅವಳು ಈ ಕಾಯಿಲೆಯ ಹಿಂದಿನ ಕಥೆಯನ್ನೇ ಹುಡುಕಿ ಓದಿದಳು. ನೂರು ವರ್ಷದ ಹಿಂದೆ ರೆಟಿನಾ ಕಳಚಿದರೆ ಕಣ್ಣು ಹೋಯಿತು ಎಂದೇ ಲೆಕ್ಕವಂತೆ. ಸ್ವಿಟ್ಜರ್ಲೆಂಡಿನ ಜೂಲ್ ಗೊನಿನ್ ಎಂಬ ಡಾಕ್ಟರು, ಹರಕೇ ಮೂಲ, ಅದನ್ನು ಮುಚ್ಚಿದರೆ ಪರದೆ ಕೂರುತ್ತದೆ ಎಂದು 1920ರ ದಶಕದಲ್ಲಿ ತೋರಿಸಿಕೊಟ್ಟರು. ಜೆಲ್ಲಿ ತೆಗೆಯುವ ಈಗಿನ ವಿಧಾನವನ್ನು 1970ರ ದಶಕದ ಆರಂಭದಲ್ಲಿ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ಬಳಕೆಗೆ ತಂದರು. "ನಿನ್ನ ಅಜ್ಜಿಗೆ ಆಗಿದ್ದರೆ ಮದ್ದೇ ಇರ್ತಿರಲಿಲ್ಲ, ನಿನಗೆ ಏಳು ದಿನದ ಕಷ್ಟ ಅಷ್ಟೇ" ಎಂದಳು. ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

ದುಬೈನವಳು ರಾತ್ರಿ ಧ್ವನಿ ಸಂದೇಶ ಕಳಿಸುತ್ತಿದ್ದಳು. ಹಾಸ್ಟೆಲಿನ ಒಂದೊಂದು ಹಳೇ ಕಥೆ. ನಿದ್ದೆ ಬಾರದಾಗ ಮತ್ತೆ ಮತ್ತೆ ಕೇಳುತ್ತಿದ್ದೆ.

ಇನ್ನೊಂದು ಸಣ್ಣ ಉಪಾಯ. ನೆಲದ ಮೇಲೆ ಒಂದು ಕನ್ನಡಿ ಇಡಿ. ಮೊದಲ ಎರಡು ದಿನ ಬಂದವರ ಪಾದ ಮಾತ್ರ ಕಾಣುತ್ತಿತ್ತು, ಚಪ್ಪಲಿ ಗುರುತಿನಲ್ಲಿ ಮಾತಾಡುತ್ತಿದ್ದೆ. ಕನ್ನಡಿ ಇಟ್ಟ ಮೇಲೆ ಎಡಗಣ್ಣಿಗೆ ಮುಖಗಳು ಕಾಣಿಸಿದವು. ಒಂದು ಮುಖ ನೋಡಿ ಮಾತಾಡುವುದಕ್ಕೂ ದನಿಗೆ ಮಾತಾಡುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಆಗ ಗೊತ್ತಾಯಿತು.

ನಮ್ಮ ಮನೆ ಘಟ್ಟದ ಮೇಲಿದೆ. ಕೆಳಗೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಹೋಗಬಹುದಾ?

ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ನಮ್ಮ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯವರು ಮಂಗಳೂರು, ಮಣಿಪಾಲಕ್ಕೆ ಹೋಗುವುದು ಜಾಸ್ತಿ. ಎತ್ತರ ಏರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಕಣ್ಣೊಳಗಿನ ಗ್ಯಾಸ್ ಹಿಗ್ಗುತ್ತದೆ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ. ಮಡಿಕೇರಿ ಸಾವಿರದ ನೂರು ಮೀಟರಿಗಿಂತ ಎತ್ತರ. ಅಲ್ಲಿ ಗಾಳಿಯ ಒತ್ತಡ ಸುಮಾರು ಎಂಟರಲ್ಲಿ ಒಂದು ಪಾಲು ಕಡಿಮೆ. ಸಂಪಾಜೆ ಘಾಟಿಯನ್ನು ಕಾರಿನಲ್ಲಿ ಬೇಗ ಬೇಗ ಹತ್ತಿದರೆ ಹಿಗ್ಗಿದ ಗ್ಯಾಸ್ ಕಣ್ಣಿನ ಒತ್ತಡ ಏರಿಸುತ್ತದೆ. ವಿಪರೀತ ನೋವು ಬರಬಹುದು, ಕಣ್ಣಿನ ನರಕ್ಕೆ ರಕ್ತವೇ ಹೋಗದೆ ದೃಷ್ಟಿ ಹೋಗಬಹುದು.

ನಮ್ಮವರು ವಾರ ಆದ ಕೂಡಲೇ ಕಾರು ತಂದರು. ಡಾಕ್ಟರ ಹತ್ತಿರ "ನಮ್ಮ ಮನೆ ಮಡಿಕೇರಿ" ಎಂದಾಗ ಅವರು ಬೇಡವೇ ಬೇಡ ಎಂದರು. ನಾವು ಕೇಳದೇ ಹೊರಟಿದ್ದರೆ? ನಿಮ್ಮ ಊರು ಯಾವುದು, ದಾರಿಯಲ್ಲಿ ಘಾಟಿ ಇದೆಯಾ ಎಂಬುದನ್ನು ಆಪರೇಷನ್‌ಗೆ ಮೊದಲೇ ಹೇಳಿ. ಬೆಂಗಳೂರಿನಲ್ಲಿ ಆಪರೇಷನ್ ಆಗಿ ಊಟಿ ಕಡೆ ಹೋಗುವವರಿಗೂ ಇದೇ ಮಾತು.

ಗೆಳತಿ ಆಗ ಒಂದೇ ಮಾತು ಹೇಳಿದ್ದು: "ಆಟಿ ಮುಗಿಯುವ ತನಕ ಇಲ್ಲೇ ಇರು." ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳು. ಏಳು ವಾರ ಒಬ್ಬರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸಣ್ಣ ಮಾತಲ್ಲ. ಅವಳ ಗಂಡ, ಅತ್ತೆ, ಮಗ ಎಲ್ಲರೂ ಹೊಂದಿಕೊಂಡರು. ಅವಳ ಅತ್ತೆ ಮಾಡಿದ ಪತ್ರೊಡೆಯ ರುಚಿ ಇನ್ನೂ ನಾಲಿಗೆಯಲ್ಲಿದೆ.

ವಿಮಾನ?

ಗ್ಯಾಸ್ ಪೂರ್ತಿ ಹೋಗಿದೆ ಎಂದು ಡಾಕ್ಟರ್ ನೋಡಿ ಹೇಳುವವರೆಗೆ ಇಲ್ಲ. ಟಿಕೆಟ್ ಆಗಿದೆ, ಮದುವೆ ಇದೆ, ಯಾವುದೂ ಕಾರಣ ಅಲ್ಲ. ಹಾಗೆಯೇ ಈ ಅವಧಿಯಲ್ಲಿ ಹಲ್ಲಿಗೋ ಬೇರೆ ಯಾವುದಕ್ಕೋ ಅರಿವಳಿಕೆ ಕೊಡಬೇಕಾಗಿ ಬಂದರೆ ಕಣ್ಣಲ್ಲಿ ಗ್ಯಾಸ್ ಇದೆ ಎಂದು ಮೊದಲೇ ಹೇಳಿ. ನೈಟ್ರಸ್ ಆಕ್ಸೈಡ್ ಎಂಬ ಅರಿವಳಿಕೆ ಗ್ಯಾಸ್ ಕೊಡಬಾರದು, ಅದೂ ಗುಳ್ಳೆಯನ್ನು ಹಿಗ್ಗಿಸುತ್ತದೆ. ಕೆಲವು ಆಸ್ಪತ್ರೆಗಳಲ್ಲಿ ಇದಕ್ಕೇ ಕೈಗೆ ಒಂದು ಪಟ್ಟಿ ಕಟ್ಟುತ್ತಾರೆ. ಬಿಚ್ಚಬೇಡಿ.

ಡ್ರಾಪ್ಸ್ ಹಾಕುವುದು ತುಂಬಾ ಗೊಂದಲ. ಏನು ಮಾಡಲಿ?

ಮೂರು ಬಾಟಲಿ ಇರುತ್ತವೆ: ಸೋಂಕು ಬರದಂತೆ ಒಂದು, ಊತ ಇಳಿಯಲು ಸ್ಟೀರಾಯ್ಡ್, ಪಾಪೆ ಹಿಗ್ಗಿಸಲು ಒಂದು. ಸ್ಟೀರಾಯ್ಡ್ ಅನ್ನು ವಾರವಾರಕ್ಕೆ ಕಡಿಮೆ ಮಾಡುತ್ತಾ ಬರಬೇಕು. ಗೆಳತಿಯ ಮಗ, ಪಿಯುಸಿ ಹುಡುಗ, ಬಾಟಲಿಗಳಿಗೆ ಬೇರೆ ಬೇರೆ ಬಣ್ಣದ ರಬ್ಬರ್ ಬ್ಯಾಂಡ್ ಹಾಕಿ ಫ್ರಿಜ್ ಬಾಗಿಲಿಗೆ ಚಾರ್ಟ್ ಅಂಟಿಸಿದ. ಹಾಕಿದ ಮೇಲೆ ಟಿಕ್. ಎರಡು ಔಷಧಿ ನಡುವೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಹಾಲಿನಂತೆ ಬೆಳ್ಳಗಿರುವ ಬಾಟಲಿಯನ್ನು ಅಲ್ಲಾಡಿಸಿ ಹಾಕಿ. ಕೈ ಸೋಪಿನಲ್ಲಿ ತೊಳೆದಿರಲಿ, ಬಾಟಲಿಯ ತುದಿ ರೆಪ್ಪೆಗೆ ತಾಗದಿರಲಿ.

ಮುಖ ಕೆಳಗೆ ಹಾಕಿದವರು ಬಿಡುವಿನ ಹತ್ತು ನಿಮಿಷಕ್ಕೆ ಡ್ರಾಪ್ಸ್ ಹೊಂದಿಸಿಕೊಳ್ಳಿ.

ಪಥ್ಯ ಏನು? ನಂಜು ತಿನ್ನಬಾರದಂತೆ?

ಬದನೆಕಾಯಿ, ಹಲಸು, ಮೀನು ನಂಜು ಎಂದು ಎಲ್ಲರೂ ಹೇಳಿದರು. ಡಾಕ್ಟರು ಎಲ್ಲಾ ತಿನ್ನಿ ಎಂದರು. ಶುಗರ್ ಇದ್ದವರು ಮಾತ್ರ ಅದನ್ನು ಹಿಡಿತದಲ್ಲಿ ಇಡಲೇಬೇಕು. ಬಗ್ಗಿಕೊಂಡೇ ಇದ್ದರೆ ಹೊಟ್ಟೆ ಕಟ್ಟುತ್ತದೆ, ಮುಕ್ಕರಿಯುವುದು ಕಣ್ಣಿಗೆ ಒಳ್ಳೆಯದಲ್ಲ. ಪಪ್ಪಾಯಿ, ಬಾಳೆಹಣ್ಣು, ಸೊಪ್ಪು, ನೀರು ಚೆನ್ನಾಗಿ ಇರಲಿ.

ಕಣ್ಣಿಗೆ ಎದೆಹಾಲು, ಜೇನುತುಪ್ಪ, ಹರಳೆಣ್ಣೆ ಬಿಡುವ ಸಲಹೆ ಕೂಡ ಬರುತ್ತದೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಬೇಡ. ಡಾಕ್ಟರು ಬರೆದುಕೊಟ್ಟ ಹನಿ ಬಿಟ್ಟು ಇನ್ನೇನೂ ಆ ಕಣ್ಣಿಗೆ ಹೋಗಬಾರದು.

ತಲೆಸ್ನಾನ, ಅಡುಗೆಮನೆ, ಕಾಡಿಗೆ?

ಕತ್ತಿನ ಕೆಳಗೆ ಸ್ನಾನ ಮಾಡಬಹುದು. ತಲೆಗೆ ನೀರು ಯಾವಾಗ ಎಂದು ಡಾಕ್ಟರನ್ನು ಕೇಳಿ, ನನಗೆ ಎರಡು ವಾರ ಬೇಡ ಎಂದಿದ್ದರು. ಒಗ್ಗರಣೆ ಹೊಗೆ, ಸೌದೆ ಒಲೆ, ಖಾರದ ಪುಡಿ ಕುಟ್ಟುವ ಜಾಗದಿಂದ ದೂರ ಇರಿ. ಕಾಡಿಗೆ ಬೇಡ. ಕಣ್ಣು ಉಜ್ಜಬೇಡಿ. ರಾತ್ರಿ ಪ್ಲಾಸ್ಟಿಕ್ ಕವಚ ಹಾಕಿ ಮಲಗಿ.

ಮೊಬೈಲ್, ಟಿವಿ ನೋಡಿದರೆ ಕಣ್ಣಿಗೆ ತೊಂದರೆಯಾ?

ನೋಡಿದ್ದರಿಂದ ಪರದೆ ಕಳಚುವುದಿಲ್ಲ. ಆದರೆ ಮೊದಲ ದಿನಗಳಲ್ಲಿ ಕಣ್ಣು ಬೇಗ ದಣಿಯುತ್ತದೆ. ಕೇಳುವುದು ಸುಲಭ: ರೇಡಿಯೋ, ಹಾಡು, ಯಕ್ಷಗಾನದ ಧ್ವನಿಮುದ್ರಿಕೆ.

ಯಾವಾಗ ತಕ್ಷಣ ಆಸ್ಪತ್ರೆಗೆ ಓಡಬೇಕು?

ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ. ನೋವಿನ ಜೊತೆ ವಾಂತಿ ಬಂದರೆ. ಕೀವು ಬಂದರೆ. ಕಾಣುತ್ತಿದ್ದದ್ದು ಮಂಜಾದರೆ. ಮತ್ತೆ ತೆರೆ ಕಂಡರೆ. ರಾತ್ರಿ ಎರಡು ಗಂಟೆ ಆಗಿದ್ದರೂ ಸರಿ, ಮನೆಯವರಿಗೆ ತೊಂದರೆ ಎಂದು ಬೆಳಗಿನ ತನಕ ಕಾಯಬೇಡಿ. ಆ ಸಂಕೋಚಕ್ಕೆ ಕಣ್ಣು ಬಲಿಯಾಗಬಾರದು.

ನನ್ನ ಗೆಳತಿಗೆ ಆಪರೇಷನ್ ಆಗಿದೆ. ನಾನು ಏನು ಹೇಳಲಿ?

ನನಗೆ ಬಂದ ಫೋನುಗಳಲ್ಲಿ ಅತ್ಯಂತ ಖುಷಿ ಕೊಟ್ಟ ಪ್ರಶ್ನೆ ಇದು.

"ಏನೂ ಆಗಲ್ಲ ಬಿಡು" ಎನ್ನಬೇಡಿ. ಆಗಿದೆ, ಅದಕ್ಕೇ ಅವರು ಮಲಗಿರುವುದು. "ನಮ್ಮ ದೊಡ್ಡಮ್ಮನಿಗೂ ಹೀಗೇ ಆಗಿ ಕಣ್ಣೇ ಹೋಯ್ತು" ಎಂದು ನನ್ನ ಹಾಸಿಗೆ ಪಕ್ಕ ಕೂತು ಒಬ್ಬರು ಹೇಳಿದರು. ಅವರು ಕೆಟ್ಟವರಲ್ಲ, ಮಾತಿಗೆ ಮಾತು ಬಂತು. ಆದರೆ ಆ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. "ಎಷ್ಟು ಕಾಣುತ್ತೆ ಈಗ? ಇದು ಎಷ್ಟು ಬೆರಳು?" ಎಂದು ಪರೀಕ್ಷೆಯನ್ನೂ ಮಾಡಬೇಡಿ. ಗ್ಯಾಸ್ ತುಂಬಿದ ಕಣ್ಣಿಗೆ ಮೊದಮೊದಲು ಬೆಳಕು, ಕೈ ಆಡುವುದು ಬಿಟ್ಟರೆ ಏನೂ ಕಾಣುವುದಿಲ್ಲ. ಪ್ರತಿ ಸಲ "ಇಲ್ಲ" ಎಂದು ಹೇಳುವುದು ಬಹಳ ಕಷ್ಟ.

ಹಾಗಾದರೆ ಏನು ಹೇಳುವುದು? ದಿನ, ಹೊತ್ತು ಹೇಳಿ. "ಏನಾದರೂ ಬೇಕಿದ್ದರೆ ಹೇಳು" ಅಂದರೆ ಯಾರೂ ಕೇಳುವುದಿಲ್ಲ. "ಬುಧವಾರ ಚೆಕಪ್‌ಗೆ ನಾನು ಆಟೋ ತರ್ತೇನೆ" ಅಂದರೆ ಅವತ್ತಿಗೆ ಒಂದು ಚಿಂತೆ ಇಲ್ಲ. ಹೋಗಿ ಸುಮ್ನೆ ಕೂತರೂ ಆಯಿತು. ಹೊರಗೆ ಮಳೆ ಹೇಗೆ ಬರುತ್ತಿದೆ, ಬೀದಿಯಲ್ಲಿ ಯಾರು ಹೋದರು ಎಂದು ಹೇಳಿ. ನೆಲ ಮಾತ್ರ ಕಾಣುವವರಿಗೆ ಅದು ಊಟದಷ್ಟೇ ಮುಖ್ಯ. ಹೊರಡುವ ಮೊದಲು ಮುಂದೆ ಬರುವ ದಿನ ಹೇಳಿ, ಆ ದಿನ ತಪ್ಪಿಸಬೇಡಿ.

ಎರಡನೇ ವಾರದ ನಂತರ ಎಲ್ಲರ ಫೋನ್ ನಿಲ್ಲುತ್ತದೆ. ಬೇಜಾರು ಶುರುವಾಗುವುದು ಆಗಲೇ. ಒಂದೇ ಸಲ ಹೋಗಲು ಆಗುವುದಿದ್ದರೆ ಮೂರನೇ ವಾರ ಹೋಗಿ.

ಗೆಳೆಯರನ್ನು ಕೇಳಲು ಸಂಕೋಚ ಆಗುತ್ತದೆ.

ನನಗೂ ಆಗಿತ್ತು. ಗೆಳತಿಗೆ ಒಂದು ದಿನ "ನಿನಗೆ ಹೊರೆ ಆದೆ" ಎಂದೆ. ಅವಳ ಅಪ್ಪ ತೀರಿಕೊಂಡಾಗ ನಾನು ಹದಿನೈದು ದಿನ ಅವಳ ಜೊತೆ ಇದ್ದದ್ದನ್ನು ಅವಳು ನೆನಪಿಸಿದಳು. ನಾನು ಮರೆತೇಬಿಟ್ಟಿದ್ದೆ. ಕೇಳುವಾಗ ಕೆಲಸ ಚಿಕ್ಕದಾಗಿ, ಸ್ಪಷ್ಟವಾಗಿ ಹೇಳಿ. ಒಬ್ಬರಿಗೆ ಡ್ರಾಪ್ಸ್, ಒಬ್ಬರಿಗೆ ಚೆಕಪ್, ಒಬ್ಬರಿಗೆ ಓದುವುದು. ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಿದರೆ ಅವರೂ ದಣಿಯುತ್ತಾರೆ.

ಖರ್ಚಿಗೆ ಸರ್ಕಾರದ ನೆರವು ಇದೆಯಾ?

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಈ ಆಪರೇಷನ್ ಬರುತ್ತದಾ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯ ಮಿತ್ರರನ್ನು ಕೇಳಿ. ಬೆಂಗಳೂರಿನ ಮಿಂಟೋ ಸರ್ಕಾರದ್ದೇ ಕಣ್ಣಿನ ಆಸ್ಪತ್ರೆ. ಕೈಯಲ್ಲಿ ದುಡ್ಡಿಲ್ಲ ಎಂದು ದಿನ ತಳ್ಳುವ ಮೊದಲು ಇವೆರಡನ್ನೂ ವಿಚಾರಿಸಿ.

ಗುಳ್ಳೆ ಕರಗುವುದು ನಮಗೆ ಗೊತ್ತಾಗುತ್ತದಾ?

ಗೊತ್ತಾಗುತ್ತದೆ, ಚೆನ್ನಾಗಿಯೂ ಇರುತ್ತದೆ! ಮೇಲಿನಿಂದ ಒಂದು ಸ್ವಚ್ಛ ಪಟ್ಟಿ ಕಾಣಲು ಶುರುವಾಗುತ್ತದೆ, ಕೆಳಗೆ ನೀರಿನ ಗೆರೆ. ನಡೆದರೆ ಗೆರೆ ತುಳುಕುತ್ತದೆ. ಗುಳ್ಳೆ ಮೇಲೆ ತೇಲಿದರೂ ನಮಗೆ ಕೆಳಗೆ ಕಾಣುವುದು, ಕಣ್ಣೊಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ. ನಾನು ದಿನಾ ಬೆಳಿಗ್ಗೆ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಗೆರೆ ಯಾವ ಸಾಲಿಗೆ ಇಳಿದಿದೆ ಎಂದು ಗುಂಪಿಗೆ ತಿಳಿಸುತ್ತಿದ್ದೆ. ಕೊನೆಗೆ ಅದು ಒಂದು ಮಣಿಯಷ್ಟಾಗಿ, ಎರಡಾಗಿ ಒಡೆದು, ಜುಲೈ ಕೊನೆಯ ಒಂದು ಬೆಳಿಗ್ಗೆ ಇರಲಿಲ್ಲ. ಡಾಕ್ಟರು ನೋಡಿ ಖಚಿತ ಮಾಡಿದ ಮೇಲೆ ಘಟ್ಟ ಹತ್ತಿದೆ.

ಕೆಲಸ, ಸ್ಕೂಟರ್ ಯಾವಾಗ?

ಗ್ಯಾಸ್ ಇರುವಾಗ ಗಾಡಿ ಓಡಿಸಬೇಡಿ. ಒಂದೇ ಕಣ್ಣಿನಲ್ಲಿ ದೂರ ಹತ್ತಿರ ತಿಳಿಯುವುದಿಲ್ಲ. ಲೋಟಕ್ಕೆ ಚಹಾ ಸುರಿದರೆ ಮೇಜಿಗೆ ಬೀಳುತ್ತದೆ. ಪಾತ್ರೆಯ ಅಂಚನ್ನು ಲೋಟಕ್ಕೆ ತಾಗಿಸಿ ಸುರಿಯಿರಿ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಿರಿ. ನಾನು ಶಾಲೆಗೆ ಹೋದದ್ದು ಆಗಸ್ಟ್ ಎರಡನೇ ವಾರ. ಭಾರ ಎತ್ತುವ ಕೆಲಸದವರಿಗೆ ಇನ್ನೂ ಸಮಯ ಬೇಕಾಗಬಹುದು.

ಮೊದಲಿನ ಹಾಗೆ ಕಾಣಿಸುತ್ತದಾ?

ಒಂದೇ ಆಪರೇಷನ್‌ಗೆ ಪರದೆ ಕೂರುವುದು ಹತ್ತರಲ್ಲಿ ಎಂಟು ಒಂಬತ್ತು ಜನರಿಗೆ. ಉಳಿದವರಿಗೆ ಇನ್ನೊಮ್ಮೆ ಮಾಡಬೇಕಾಗುತ್ತದೆ. ಪರದೆ ಕೂತರೂ ನಡುಭಾಗ ಕಳಚಿದ್ದರೆ ದೃಷ್ಟಿ ಪೂರ್ತಿ ವಾಪಸ್ ಬರದೇ ಇರಬಹುದು. ನನ್ನ ಬಲಗಣ್ಣಿಗೆ ಈಗಲೂ ನೇರ ಗೆರೆ ಸ್ವಲ್ಪ ಅಲೆಯಂತೆ ಕಾಣುತ್ತದೆ. ಬೋರ್ಡಿನ ಮೇಲೆ ತ್ರಿಭುಜ ಬರೆಯುವಾಗ ಮೊದಲು ಬಹಳ ದುಃಖ ಆಗುತ್ತಿತ್ತು. ಆರು ತಿಂಗಳಾದ ಮೇಲೂ ಸ್ವಲ್ಪ ಸ್ವಲ್ಪ ಸುಧಾರಿಸಿತು. ಐವತ್ತು ದಾಟಿದವರಿಗೆ ಈ ಆಪರೇಷನ್ ಆದ ಒಂದೆರಡು ವರ್ಷದಲ್ಲಿ ಪೊರೆ ಬರುವುದು ಸಾಮಾನ್ಯ. ನನಗೂ ಶುರುವಾಗಿದೆ. ಬಂದರೆ ಪರದೆ ಮತ್ತೆ ಕಳಚಿತು ಎಂದು ಹೆದರಬೇಡಿ, ತೋರಿಸಿ.

ಇನ್ನೊಂದು ಕಣ್ಣಿಗೂ ಆಗಬಹುದಾ?

ಮೈನಸ್ ಪವರ್ ಜಾಸ್ತಿ ಇದ್ದವರಿಗೆ ಸಾಧ್ಯತೆ ಇದೆ. ಪಾಪೆ ಹಿಗ್ಗಿಸಿ ಆ ಕಣ್ಣನ್ನೂ ನೋಡಿಸಿ. ತೆಳುವಾದ ಜಾಗವೋ ಹರಕೋ ಕಂಡರೆ ಬೇಕಿದ್ದಲ್ಲಿ ಮೊದಲೇ ಲೇಸರ್ ಹಾಕುತ್ತಾರೆ. ನನ್ನ ಎಡಗಣ್ಣಿಗೆ ಹಾಕಿದ್ದಾರೆ.

ಮನೆಯಲ್ಲಿ ನಾವು ಮಾಡುವುದು ಇಷ್ಟು. ಪ್ರತಿ ಭಾನುವಾರ ಬೆಳಿಗ್ಗೆ ಒಂದು ಕಣ್ಣು ಮುಚ್ಚಿ ಕ್ಯಾಲೆಂಡರ್ ನೋಡುವುದು, ಆಮೇಲೆ ಇನ್ನೊಂದು. ನಾಲ್ಕು ಮೂಲೆಯೂ ಕಾಣುತ್ತದಾ, ಎಲ್ಲಾದರೂ ಕಪ್ಪು ಇದೆಯಾ ಎಂದು. ನಮ್ಮ ಹಾಸ್ಟೆಲ್ ಗುಂಪಿನ ನಾಲ್ವರೂ ಮಾಡುತ್ತೇವೆ, ಎಲ್ಲರೂ ದಪ್ಪ ಕನ್ನಡಕದವರೇ. ಎಂಟು ಗಂಟೆಗೆ ಮಂಗಳೂರಿನಿಂದ ಮೆಸೇಜ್ ಬರುತ್ತದೆ: "ಎಂತ, ನೋಡಿದೆಯಾ?" ಉತ್ತರ ಹಾಕದಿದ್ದರೆ ಎಂಟೂವರೆಗೆ ಫೋನ್ ಬರುತ್ತದೆ.